ದೂರ ಸೊನ್ನೆ

ನಿನ್ ಮಗಳು ಓದ್ತೀನಿ ಅಂದ್ರೆ ದಾರಿ ನಾನ್ ಮಾಡ್ಕೊಡ್ತೀನಿ ಕಣೆ ಬಸವಿ, ಹದಿನಾರರ ವಯಸ್ಸಲ್ಲಿ, ಇನ್ನೂ ಮದುವೆಯೇ ಆಗದಿದ್ದ ಗೆಳತಿಗೆ ಕೊಟ್ಟ ಆ ಮಾತು ಚಾಮರಾಜನಗರದ ಕಚೇರಿಯಲ್ಲಿ, ಟೀ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತಿದ್ದ ಸ್ವರ್ಣಲತಾಳ ಎದೆಗೆ ಬಂದು ಬಡಿಯಿತು — ಫೋನಿನಲ್ಲಿ ಬಸವಮ್ಮನೇ, ನಗುತ್ತಿದ್ದಾಳೋ ಅಳುತ್ತಿದ್ದಾಳೋ, ಗುಂಡ್ಲುಪೇಟೆ ಹಾಸ್ಟೆಲ್ ಬೋರ್ಡ್ ಮುಂದ ನಿಂತಿವ್ನಿ ಕಣಮ್ಮಿ, ಪ್ರಿಯಾಂಕನ ಹೆಸರ ಮುಂದ ದೂರ ಸೊನ್ನೆ ಅಂತ ಹಾಕವ್ರ, ಸೊನ್ನೆ ಅಂದ್ರ ಏನು, ನಮ್ಮನೆ ಹಾಸ್ಟೆಲ್ ಒಳ್ಗೇ ಅದಾ? — ಇರಲಾರದು, ಬೇರೆ ಪ್ರಿಯಾಂಕ ಇರಬೇಕು, ಸ್ವರ್ಣಲತಾ ತಾನೇ ಮಾಡಿದ ಪಟ್ಟಿ ತೆರೆಯುತ್ತಾಳೆ, ಕೊನೆಯ ಸಾಲು, ಪ್ರಿಯಾಂಕ, ತಾಯಿ ಬಸವಮ್ಮ, ಕಲ್ಲುಕಟ್ಟೆದೊಡ್ಡಿ, 0.0, ಎರಡು ಕಣ್ಣು ಬಿಟ್ಟುಕೊಂಡು ನೋಡುವ ಹಾಗೆ. ಹಾಸ್ಟೆಲ್ ನಡೆಸುವ ದತ್ತಿಯವರು ಕೇಳಿದ್ದು ಇಷ್ಟೇ, ದೂರದ ಹುಡುಗಿಯರಿಗೆ ಮೊದಲು, ಇಪ್ಪತ್ತೇ ಸೀಟು, ಯಾರ ಶಿಫಾರಸೂ ಬೇಡ, ನೀವೇ ಲೆಕ್ಕ ಮಾಡಿಕೊಡಿ ಮೇಡಂ. ಆಗ ಅವಳೇ ಅಲ್ಲವೇ ಹುರುಪಿನಿಂದ ಹೇಳಿದ್ದು, ಪ್ರತಿ ಪಿನ್‌ಕೋಡಿಗೂ ನಕ್ಷೆಯಲ್ಲಿ ಒಂದು ನಡುಬಿಂದು ಇರುತ್ತದೆ ಸರ್, ಊರಿನ ಬಿಂದುವಿನಿಂದ ಹಾಸ್ಟೆಲಿನ ಬಿಂದುವಿಗೆ ಅಳೆದರಾಯಿತು. ಆಮೇಲೊಂದು ಬೆಳಿಗ್ಗೆ ಒಗ್ಗರಣೆ ಸಿಡಿಯುತ್ತಿರುವಾಗ, ಮಗನ ಡಬ್ಬಿಗೆ ಚಿತ್ರಾನ್ನ ಕಲಸುತ್ತ, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪಿನಲ್ಲಿ ಸೂತ್ರ ಹಾಕಿ, ಇನ್ನೂರು ಹೆಸರು ಒಂದು ಚಿಟಿಕೆಯಲ್ಲಿ ಸಾಲಾಗಿ ನಿಂತಾಗ ಎಂಥ ಹೆಮ್ಮೆ, ಮೇಲಿನ ಇಪ್ಪತ್ತನ್ನು ನೋಡಿ ಕಳಿಸಿಬಿಟ್ಟಳು, ಕೆಳಗಿಳಿದು ನೋಡಲಿಲ್ಲ, ಕೊನೆಯ ಸಾಲಿನವರೆಗೆ ನೋಡಲಿಲ್ಲ — ದೊಡ್ಡಿಗೂ ಗುಂಡ್ಲುಪೇಟೆಗೂ ಒಂದೇ ಪಿನ್ನು, ಒಂದೇ ಪಿನ್ನಿಗೆ ಒಂದೇ ಬಿಂದು, ಬಿಂದುವಿನಿಂದ ಅದೇ ಬಿಂದುವಿಗೆ ಎಷ್ಟು, 0.0. ಇದು ಗೊತ್ತಿಲ್ಲದವಳೇ ಅವಳು? ಪೋಸ್ಟ್‌ಮ್ಯಾನ್ ಗುರುಮಲ್ಲಯ್ಯನ ಮಗಳು! ಅಪ್ಪ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಆ ದೊಡ್ಡಿಗೆ ಒಂದೇ ಒಂದು ಮನಿಯಾರ್ಡರ್ ಹಿಡಿದು ಹತ್ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿದು, ಆನೆ ಇಳಿಯುವುದಕ್ಕೆ ಮೊದಲೇ ವಾಪಸ್ಸು ಬಂದು, ಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತ ಹೇಳುತ್ತಿದ್ದರಲ್ಲ, ಪಿನ್ನು ಕಾಗ್ದಕ್ಕ ಕಣವ್ವ, ಕಾಲಿಗಲ್ಲ — ಅದೇ ದಾರಿಯಲ್ಲಿ ಬಸ್ಸು ಸಿಗುವವರೆಗೆ ನಡೆದು ಬಸವಿ ಹತ್ತನೇ ಕ್ಲಾಸಿನ ತನಕ ಓದಿದಳು, ಒಂದು ಸಂಜೆ ಆನೆ ಅಟ್ಟಿಸಿಕೊಂಡು ಬಂತು, ಬಸವಿ ಶಾಲೆ ಬಿಟ್ಟಳು, ಆವತ್ತೇ ಆ ಮಾತು ಕೊಟ್ಟದ್ದು. ಸರ್, ಒಂದು ತಪ್ಪಾಗಿದೆ, ದೂರದ ಹುಡುಗಿ ಒಬ್ಬಳು ಕೊನೆಗೆ ಹೋಗಿಬಿಟ್ಟಿದ್ದಾಳೆ, ಎದ್ದು ಹೋಗಿ ಮೇಲಧಿಕಾರಿ ಮಲ್ಲಿಕಾರ್ಜುನಸ್ವಾಮಿಯವರ ಮೇಜಿನ ಮುಂದೆ ನಿಂತಿದ್ದಾಳೆ, ಯಾವಾಗ ಎದ್ದಳೋ, ಅವರು ಕನ್ನಡಕ ತೆಗೆದು ಒರೆಸುತ್ತಾರೆ, ಏನ್ ಸ್ವರ್ಣಲತಾ, ಲೆಕ್ಕ ನಿಮ್ಮದೇ, ಮೀಟಿಂಗಲ್ಲಿ ಚಪ್ಪಾಳೆನೂ ನಿಮಗೇ ಹೊಡೆದ್ವಿ, ಇಪ್ಪತ್ತನೇ ಹುಡುಗಿ ಆಗಲೇ ಟ್ರಂಕು ತಂದಿಟ್ಟಾಯ್ತಂತೆ, ಹರವೆ ಊರಿನ ಹುಡುಗಿ, ಅದನ್ನ ಎಬ್ಬಿಸಿ ಕಳಿಸಕ್ಕಾಗುತ್ತಾ ಹೇಳಿ — ಆಗುವುದಿಲ್ಲ, ಅದರದೇನು ತಪ್ಪು, ಆಗುವುದಿಲ್ಲ, ಇಪ್ಪತ್ತೊಂದನೇ ಮಂಚ ಹಾಕಿಸಬಹುದಲ್ವಾ ಸರ್? ಇಲ್ಲಮ್ಮ, ಇನ್ನೊಂದು ಮಂಚ ಹಾಕಿ ಅಂತ ನಾನೂ ಮೊದಲೇ ಕೇಳಿದ್ದೆ, ಇಲ್ಲ. ಕೈಯಲ್ಲಿ ಫೋನು ಇನ್ನೂ ಬಿಸಿ, ಬಸವಮ್ಮ ಇಟ್ಟಿಲ್ಲ, ಎಲ್ಲ ಕೇಳಿಸಿಕೊಂಡಿದ್ದಾಳೆ, ಬುಡು ಸ್ವರ್ಣಾ, ನೀ ಯಾಕ ಅಳ್ತೀಯ, ಚೆಂಡು ಹೂವ ಕೀಳೋ ಕೂಲಿಗ ನಾಳೆಯಿಂದ್ಲೇ ಬನ್ನಿ ಅಂದವ್ರ, ಅವಳೂ ನನ್ ಜೊತೇಲಿ ಬತ್ತಾಳ, ಹತ್ರ ಅಲ್ವಾ, ಸೊನ್ನೆ ಕಿಲೋಮೀಟ್ರು — ನಕ್ಕಳು, ನಿಜವಾಗಿ ನಕ್ಕಳು, ಹಿಂದಿನಿಂದ ಹುಡುಗಿಯ ದನಿ, ಅವ್ವ ಬಾ, ಬಸ್ಸು ಓಯ್ತದೆ, ಅಲ್ಲಿಂದಾಚೆಗೆ ನಡಿಬೇಕಲ್ಲ — ಫೋನು ಸತ್ತಿತು, ಟೀ ತಣ್ಣಗಾಗಿದೆ, ಪರದೆಯ ಮೇಲೆ ಕೊನೆಯ ಸಾಲು, ಹತ್ತೊಂಬತ್ತು ಎಂದು ತಿದ್ದಿದಳು, ಸೂತ್ರ ಪಿನ್ನು ನೋಡಿಕೊಂಡು ಮತ್ತೆ ಓಡಿತು, ಮತ್ತೆ ಅದೇ ಎರಡು ಕಣ್ಣು, 0.0, ರೆಪ್ಪೆಯಿಲ್ಲದ ಕಣ್ಣು, 0.0

ಸ್ವರ್ಣಲತಾ ಕೊಟ್ಟ ಮಾತು ನಡೆಸಿಕೊಡಲಿಲ್ಲ.