ಪಟ್ಟದ ಮರ

“ಹೊರಗಿನ ತಿಂಡಿ ಒಳಗೆ ಬಿಡಲ್ಲ ಮೇಡಂ,” ಎಂದು ಟಿಕೆಟ್ ಕಟ್ಟೆಯ ಹುಡುಗಿ ಮತ್ತೆ ಹೇಳಿದಳು. ಅವಳ ತಲೆಯ ಮೇಲೆ ರಬ್ಬರಿನ ಎರಡು ಮೇಕೆಗಿವಿಗಳಿದ್ದವು. ಮಾತಿಗೊಮ್ಮೆ ಅವು ಅಲ್ಲಾಡುತ್ತಿದ್ದವು.

“ತಿಂಡಿ ಅಲ್ಲ ಅಂದ್ನಲ್ಲಮ್ಮ,” ಎಂದು ಪಿರಿಹಿರಾ ಐಸ್ ಡಬ್ಬಿಯನ್ನು ಎದೆಗೆ ಅವಚಿಕೊಂಡಳು.

“ಮತ್ತೇನದು?”

ಏನೆಂದು ಹೇಳುವುದು? ಮೊಮ್ಮಗಳ ಮಾಸು ಎಂದರೆ ಹುಡುಗಿ ಹೌಹಾರಿ ಮ್ಯಾನೇಜರನನ್ನು ಕರೆಯುತ್ತಾಳೆ. ಹೋಗಲಿ, ತಿಂಡಿಯೇ ಎಂದು ಒಪ್ಪಿಕೊಳ್ಳೋಣವೆಂದರೆ ಅದಕ್ಕಿಂತ ಅಪಚಾರ ಬೇರೆ ಇಲ್ಲ. ಮಾಸು ಇರುವ ಕಡೆ ತಿನ್ನುವ ಪದಾರ್ಥ ಸುಳಿಯಲೂಬಾರದು. ಪಿರಿಹಿರಾಳ ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಅಕ್ಕ ಮೆರೆಪೆಕಾ ಮುಂದೆ ನುಗ್ಗಿದಳು.

“ಇನ್ಸುಲಿನ್ ಕಣಮ್ಮ. ಇವಳಿಗೆ ಸಕ್ಕರೆ ಕಾಯಿಲೆ. ಗುಡ್ಡದ ಮೇಲೆ ಬಿದ್ದುಹೋದ್ರೆ ನೀನು ಹೊತ್ಕೊಂಡು ಬರ್ತೀಯಾ?”

ಹುಡುಗಿ ದಾರಿ ಬಿಟ್ಟಳು.

“ನನಗ್ಯಾವ ಸಕ್ಕರೆ ಕಾಯಿಲೆ?” ಬಸ್ಸು ಹತ್ತುತ್ತ ಪಿರಿಹಿರಾ ಗೊಣಗಿದಳು.

“ನಿಂಗಿರೋದು ಸಮಯಕ್ಕೆ ಬಾಯಿ ಬಾರದ ಕಾಯಿಲೆ. ಅದಕ್ಕೆ ಇನ್ನೂ ಔಷಧಿ ಬಂದಿಲ್ಲ.” ಮೆರೆಪೆಕಾ ಆಗಲೇ ಅಂಗಡಿಯಿಂದ ಒಂದು ಜೊತೆ ಮೇಕೆಗಿವಿ ಕೊಂಡು ತನ್ನ ನರೆಗೂದಲಿಗೆ ಸಿಕ್ಕಿಸಿಕೊಂಡಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಬಂದ ಕೆಲಸವೇನು, ಇವಳ ವೇಷವೇನು ಎಂದು ಪಿರಿಹಿರಾಳಿಗೆ ಮೈ ಉರಿಯಿತು.

ಬಸ್ಸು ಕುರಿಗಳ ನಡುವೆ ಏದುಸಿರು ಬಿಡುತ್ತ ಗುಡ್ಡ ಏರತೊಡಗಿತು. ಈ ಗುಡ್ಡ ಅಜ್ಜಿಯ ಕಾಲದಲ್ಲಿ ಇವರ ಮನೆತನದ ಕೈಬಿಟ್ಟಿತ್ತು. ಹೇಗೆ ಬಿಟ್ಟಿತು ಎಂಬುದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಆದರೆ ಅದನ್ನು ಕೊಂಡ ಹೆಸ್ಕೆತ್ ಮನೆತನದ ಮುದುಕ, ಮಗುವಿನ ಮಾಸನ್ನು ಹಿರಿಯರ ನೆಲದಲ್ಲಿ ಹೂಳುವ ಇವರ ಪದ್ಧತಿಗೆ ಅಡ್ಡ ಬರುವುದಿಲ್ಲವೆಂಬ ಒಂದು ಮಾತು ಉಳಿಸಿಕೊಂಡಿದ್ದ. ಇವರ ಮನೆಯಲ್ಲಿ ಹೆರಿಗೆಯಾಯಿತೆಂದರೆ ಹಿಂದಿನ ಗೇಟು ತೆರೆದಿಟ್ಟು, ನಾಯಿಗಳನ್ನು ಕಟ್ಟಿಹಾಕಿ, ತಾನು ಆ ಕಡೆ ತಲೆ ಹಾಕುತ್ತಿರಲಿಲ್ಲ. ಅಜ್ಜಿಯ ಮಾಸು, ಅಮ್ಮನ ಮಾಸು ಮೊದಲೇ ಮೇಲಿನ ಟೋಟರಾ ಮರದ ಬುಡದಲ್ಲಿದ್ದವು; ಅಕ್ಕತಂಗಿಯರಿಬ್ಬರದೂ ಪಿರಿಹಿರಾಳ ಮಗಳು ಕಾಹುವಿನದೂ ಅಲ್ಲಿಗೆ ಸೇರಿದ್ದು ಹಾಗೆ. ಮುದುಕ ಸತ್ತ. ಮಗ ಗುಡ್ಡವನ್ನು ಸಿನಿಮಾದವರಿಗೆ ಗುತ್ತಿಗೆ ಕೊಟ್ಟ. ಸಿನಿಮಾ ಮುಗಿದರೂ ಸೆಟ್ಟು ಉಳಿದು, ಟಿಕೆಟ್ಟಿಟ್ಟು ಪ್ರವಾಸಿಗರಿಗೆ ತೋರಿಸತೊಡಗಿದರು. ಈಗ ಹಿಂದಿನ ಗೇಟಿಗೆ ಬೀಗ, ಬೀಗಕ್ಕೊಂದು ಕ್ಯಾಮೆರಾ. ಅನುಮತಿ ಕೇಳೋಣವೆಂದು ಫೋನು ಮಾಡಿದರೆ, ಹುಟ್ಟುಹಬ್ಬದ ಗುಂಪಾದರೆ ಒಂದನ್ನು ಒತ್ತಿ, ಮದುವೆಯ ಫೋಟೋ ಆದರೆ ಎರಡನ್ನು ಒತ್ತಿ ಎಂದು ಯಂತ್ರದ ದನಿ ಹೇಳುತ್ತಿತ್ತು. ಮಾಸು ಹೂಳುವವರು ಎಷ್ಟನ್ನು ಒತ್ತಬೇಕೆಂದು ಅದು ಹೇಳಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆಯಿತು. ಊಟದ ಸಾಮಾನಿನ ಜೊತೆ ಇಡುವಂತಿಲ್ಲವೆಂದು ಪಿರಿಹಿರಾ ಅದಕ್ಕಾಗಿಯೇ ಹಳೆಯ ಪುಟ್ಟ ಫ್ರೀಜರೊಂದನ್ನು ತಂದು ಕಾರಿನ ಕೊಟ್ಟಿಗೆಯಲ್ಲಿಟ್ಟಿದ್ದಳು. ಗಂಡ ಹೋಹೆಪಾ ಅದರಲ್ಲಿ ಬಿಯರ್ ಇಡಲು ಹೋಗಿ ಬೈಸಿಕೊಂಡಿದ್ದ. ಮಗಳು ಕಾಹುವೇ, “ಒಂದು ಕುಂಡದಲ್ಲಿ ಹಾಕಿ ಮೇಲೊಂದು ಗಿಡ ನೆಡೋಣ ಬಿಡಮ್ಮ, ಈಗ ಎಲ್ಲರೂ ಹಾಗೇ ಮಾಡ್ತಾರೆ,” ಎಂದಿದ್ದಳು. ಅವಳದು ಬಾಡಿಗೆ ಮನೆ, ಎರಡು ವರ್ಷಕ್ಕೊಂದು ಊರು. ಮಗುವಿನ ಬೇರನ್ನು ಸಾಮಾನಿನ ಲಾರಿಯಲ್ಲಿ ಹೊತ್ತು ತಿರುಗುವುದೇ? ತನ್ನವರೆಲ್ಲ ಇರುವ ಕಡೆ ಈ ಮಗುವಿನದೂ ಸೇರದಿದ್ದರೆ ಅದು ಎಲ್ಲಿಯದೂ ಅಲ್ಲದ ಮಗುವಾಗುತ್ತದೆಂದು ಪಿರಿಹಿರಾಳಿಗೆ ಭಯವಾಗಿತ್ತು. ಕೊನೆಗೆ, ಸುಡುಗಾಡು, ಟಿಕೆಟ್ ತಗೊಂಡೇ ಹೋಗ್ತೀನಿ ಎಂದು ಹೊರಟಳು. ತನ್ನ ಕೈಯಾರೆ ಹೆಣೆದ ನಾರಿನ ಬುಟ್ಟಿಯಲ್ಲಿ ಅದನ್ನಿಟ್ಟು, ಬುಟ್ಟಿಯನ್ನು ಐಸ್ ಡಬ್ಬಿಯಲ್ಲಿಟ್ಟಳು.

ಇಳಿದಲ್ಲಿ ಕ್ಯಾಲಮ್ ಎಂಬ ಗೈಡು ಕಾದಿದ್ದ. ಮೂವತ್ತರ ಆಸುಪಾಸಿನವನು, ಈ ಸೀಮೆಯವನಲ್ಲ, ದಕ್ಷಿಣದ್ವೀಪದ ಮಾತಿನ ಧಾಟಿ, ಮೈಮೇಲೆ ಚಿನ್ನದ ಗುಂಡಿಗಳ ಹಸಿರು ಅಂಗಿ. “ಮೇಕೆಗಿವಿಯರ ರಾಜ್ಯಕ್ಕೆ ಸ್ವಾಗತ!” ಎಂದು ಕೂಗಿದ. ಜನ ಓ ಎಂದರು. ಎಲ್ಲರಿಗಿಂತ ಜೋರಾಗಿ ಮೆರೆಪೆಕಾ.

ಗುಡ್ಡದ ಇಳಿಜಾರಿಗೆ ಸಾಲಾಗಿ ಗೋಪುರದ ಪುಟ್ಟ ಪುಟ್ಟ ಮನೆಗಳನ್ನು ಮೆತ್ತಿದ್ದರು. ಬಾಗಿಲು ತೆರೆದರೆ ಒಳಗೆ ಗೋಡೆ. ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ ಗಾಳಿಗೆ ಉಬ್ಬಿದಂತೆಯೇ ಹೊಲಿದದ್ದು. ಹೊಗೆಗೂಡಿನಲ್ಲಿ ಯಂತ್ರದ ಹೊಗೆ. ಜನ ಒಂದೊಂದು ಬಾಗಿಲ ಮುಂದೂ ನಿಂತು, ಕುಂತು, ಅಂಗೈ ಕೆನ್ನೆಗಿಟ್ಟು ಫೋಟೋ ತೆಗೆಸಿಕೊಂಡರು. ಮೆರೆಪೆಕಾ ಒಂದನ್ನೂ ಬಿಡಲಿಲ್ಲ.

“ಪಿರಿ, ಇಲ್ಲಿ ಬಾರೇ, ಇದು ರಾಜನ ಸೋದರತ್ತೆ ಮನೆಯಂತೆ.”

“ನಮ್ಮ ಸೋದರತ್ತೆ ಇಲ್ಲೇ ಆಲೂಗಡ್ಡೆ ಅಗೀತಿದ್ಲು. ಅವಳ ಹೆಸರು ಹೇಳಿದ್ನಾ ಆ ಗೈಡು?”

“ನೀನು ನಕ್ಕರೆ ಗುಡ್ಡ ಕುಸಿಯಲ್ಲ ಕಣೆ.”

“ಐಸ್ ಕರಗ್ತಿದೆ ಅಕ್ಕ.”

ಕೊನೆಗೆ ನೆತ್ತಿ ಬಂತು. ಅಲ್ಲಿ ಟೋಟರಾ ಮರ ನಿಂತಿತ್ತು. ಇಷ್ಟು ವರ್ಷ ಕೆಳಗಿನ ರಸ್ತೆಯಲ್ಲಿ ಹೋಗುವಾಗಲೆಲ್ಲ ಪಿರಿಹಿರಾ ತಲೆಯೆತ್ತಿ ನೋಡುತ್ತಿದ್ದ ಮರ. ಏನು ಹಾಳಾದರೂ ಅದೊಂದು ಉಳಿಯಿತಲ್ಲ ಎಂದುಕೊಳ್ಳುತ್ತಿದ್ದಳು. ಈಗ ಅದರ ಸುತ್ತ ಹಗ್ಗ, ಬುಡದಲ್ಲಿ ಒಂದು ಸಿಂಹಾಸನ. “ಪಟ್ಟದ ಮರ!” ಎಂದು ಕ್ಯಾಲಮ್ ಕೈ ಚಾಚಿದ. ಮೇಕೆಗಿವಿಯ ರಾಜನಿಗೆ ಪಟ್ಟ ಕಟ್ಟಿದ್ದು ಇಲ್ಲಿಯಂತೆ.

ಅಕ್ಕತಂಗಿಯರು ಮೊದಲೇ ಮಾತಾಡಿಕೊಂಡಿದ್ದಂತೆ ಮೆರೆಪೆಕಾ ಗೈಡನ್ನು ಆ ಕಡೆ ಎಳೆದುಕೊಂಡು ಹೋಗಿ, ರಾಜನಿಗೆ ಮದುವೆಯಾಗಿತ್ತೇ, ಹೆಂಡತಿ ಯಾವ ಊರಿನವಳು, ಡ್ರ್ಯಾಗನ್ನು ಏನು ತಿನ್ನುತ್ತಿತ್ತು ಎಂದು ಶುರುಮಾಡಿದಳು. ಪಿರಿಹಿರಾ ಹಗ್ಗದಡಿ ನುಸುಳಿ ಮರದ ಹಿಂದೆ ಹೋದಳು. ಮಂಡಿಯೂರಿ, ಚೀಲದಿಂದ ಕೈಗುದ್ದಲಿ ತೆಗೆದು ಹುಲ್ಲಿಗೆ ಹಾಕಿದಳು. ಠಣ್ ಎಂದಿತು. ಪಕ್ಕದಲ್ಲಿ ಹಾಕಿದಳು, ಅಲ್ಲೂ ಅಷ್ಟೇ. ಹುಲ್ಲು ಚಾಪೆಯಂತೆ ಎದ್ದುಬಂತು. ಅಡಿಯಲ್ಲಿ ಸಿಮೆಂಟು.

ತೊಗಟೆಯ ಮೇಲೆ ಕೈಯಿಟ್ಟಳು. ಬಿರುಕು, ಪಾಚಿ, ಎಲ್ಲ ಇದ್ದಂತೆಯೇ ಇತ್ತು. ಬೆರಳ ಗೆಣ್ಣಿನಿಂದ ಬಡಿದಳು. ಒಳಗೆ ಟೊಳ್ಳು. ಮೂಗು ಹತ್ತಿರ ತಂದರೆ ಬಣ್ಣದ ವಾಸನೆ.

“ಮೇಡಂ, ಪ್ಲೀಸ್, ಹೊರಗೆ ಬನ್ನಿ,” ಕ್ಯಾಲಮ್ ಓಡಿಬಂದ. “ಮರ ಮುಟ್ಟಬಾರದು, ಸಿನಿಮಾದ್ದು. ಉಕ್ಕಿನ ಕೊಳವೆ, ಮೇಲೆ ಫೋಮು. ಎಲೆ ಒಂದೊಂದನ್ನೂ ಕೈಯಲ್ಲಿ ಕಟ್ಟಿದ್ದಾರೆ. ವರ್ಷಕ್ಕೊಂದು ಸಲ ಬಣ್ಣ ಹೊಡೀತಾರೆ.”

“ಇಲ್ಲೊಂದು ನಿಜವಾದ ಮರ ಇತ್ತಲ್ಲಪ್ಪ?”

“ಇತ್ತಂತೆ. ಕೆಳಗೆ, ಸ್ವಲ್ಪ ಎಡಕ್ಕೆ. ಅಲ್ಲಿದ್ರೆ ಸೂರ್ಯ ಸರಿಯಾಗಿ ಬೀಳ್ತಿರಲಿಲ್ಲ. ಅದಕ್ಕೆ ಅಳತೆ ತಗೊಂಡು, ಅಚ್ಚು ಅದೇ ಥರ ಇಲ್ಲಿ ಕಟ್ಟಿ, ಅದನ್ನ ಕಡಿದ್ರು.”

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಪಿರಿಹಿರಾಳಿಗೆ ಅಳುವಷ್ಟು ಸಿಟ್ಟು ಬಂತು. ಇಷ್ಟು ವರ್ಷ ಉಕ್ಕಿನ ಕೊಳವೆಗೆ ತಲೆಯೆತ್ತಿ ನಮಸ್ಕಾರ ಹೊಡೆದೆನಲ್ಲ ಎಂದು ತನ್ನ ಮೇಲೂ ಬಂತು.

“ಆ ಜಾಗ ಈಗ ಏನಾಗಿದೆ?” ಎಂದು ಮೆರೆಪೆಕಾ ಕೇಳಿದಳು. ಅವಳ ಮುಖದಲ್ಲೂ ಈಗ ನಗು ಇರಲಿಲ್ಲ, ಕಿವಿಗಳಷ್ಟೇ ಇದ್ದವು.

“ತರಕಾರಿ ತೋಟ. ಇಡೀ ಸೆಟ್ಟಲ್ಲಿ ನಿಜವಾದ್ದು ಅಂದ್ರೆ ಅದೊಂದೇ,” ಎಂದು ಕ್ಯಾಲಮ್ ಉತ್ಸಾಹದಿಂದ ಹೇಳಿದ. “ಆ ಮಣ್ಣಲ್ಲಿ ಕೋಸು ಬರೋದು ನೋಡ್ಬೇಕು ನೀವು. ಅದೇನು ಗುಣವೋ, ಒಂದೊಂದು ಇಷ್ಟಿಷ್ಟು ದಪ್ಪ.”

ಪಿರಿಹಿರಾ ಅಲ್ಲಿ ನಿಲ್ಲಲಿಲ್ಲ. ಡಬ್ಬಿ ಎತ್ತಿಕೊಂಡು, ಕಾಲುದಾರಿ ಬಿಟ್ಟು, ನೇರ ಇಳಿಜಾರಿನಲ್ಲಿ ಇಳಿದಳು. ಅಮ್ಮನ ಮೇಲೆ, ಅಜ್ಜಿಯ ಮೇಲೆ ತಿನ್ನುವ ಬೆಳೆ ಹಾಕಿದ್ದಾರೆ! ಬೇಲಿ ದಾಟಿ, ನಡುವಿನ ಕೋಸಿನ ಕುತ್ತಿಗೆ ಹಿಡಿದು ಕಿತ್ತು ಎಸೆದಳು. ಅದರ ಪಕ್ಕದ್ದನ್ನೂ ಕಿತ್ತಳು. ಮೂರನೆಯದರ ಬೇರಿನ ಜೊತೆ ಕಂದು ಬಣ್ಣದ ಗಟ್ಟಿ ಬೇರಿನ ತುಂಡೊಂದು ಎದ್ದುಬಂತು. ಮೂಸಿದಳು. ಟೋಟರಾ. ಹತ್ತಿರ ಬಂದ ಅಕ್ಕನಿಗೂ ಮೂಸಿಸಿದಳು.

“ಇಲ್ಲೇ,” ಎಂದಳು ಮೆರೆಪೆಕಾ.

ಮಣ್ಣು ಕರಿದಾಗಿ, ಮೆತ್ತಗೆ ಬಂತು. ಮೊಣಕೈ ಆಳಕ್ಕೆ ಅಗೆದು ಬುಟ್ಟಿಯನ್ನು ಇಳಿಸಿದರು. ಮೆರೆಪೆಕಾ ಪ್ರಾರ್ಥನೆ ಶುರುಮಾಡಿದಳು. ಮನೆಯಲ್ಲಿ ಹಿರಿಯಳು ಅವಳೇ, ಅದು ಅವಳ ಕೆಲಸ. ಅಷ್ಟು ಹೊತ್ತು ಹರಟಿದ ಬಾಯಲ್ಲಿ ಅಮ್ಮನ ದನಿ ಬಂದು ಕೂತಿತ್ತು. ಪಿರಿಹಿರಾ ಕಣ್ಣು ಮುಚ್ಚಿದಳು. ಮಗುವಿನ ಹೆಸರು ಬಂದಾಗ ಅವಳೂ ಸೇರಿಸಿ ಹೇಳಿದಳು: ಮಾರಮಾ, ಕಾಹುವಿನ ಮಗಳು.

ಕಣ್ಣು ಬಿಟ್ಟಾಗ ಬೇಲಿಯುದ್ದಕ್ಕೂ ಫೋನುಗಳು ಎದ್ದಿದ್ದವು. ಪ್ರವಾಸದ ಗುಂಪು ಪೂರ್ತಿ ಅಲ್ಲಿತ್ತು. ಮೆರೆಪೆಕಾಳ ತಲೆಯ ಮೇಲೆ ಮೇಕೆಗಿವಿಗಳು ಇನ್ನೂ ಇದ್ದವು. ಒಬ್ಬಾಕೆ ಗಂಡನಿಗೆ, “ಇದು ಟಿಕೆಟ್ಟಲ್ಲೇ ಸೇರಿದೆಯಾ?” ಎಂದಳು. ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

“ಮುಂದೆ ಗಿರಣಿ ಇದೆ, ಎಲ್ಲರೂ ನಡೀರಿ, ಉಚಿತ ಬಿಯರ್ ಇದೆ,” ಎಂದು ಕ್ಯಾಲಮ್ ಅವರನ್ನು ಅಟ್ಟಿ, ತಿರುಗಿ ಬಂದ. ಮುಖ ಕೆಂಪಾಗಿತ್ತು. “ಏನ್ ಮೇಡಂ ಇದು? ನನ್ನ ಕೆಲಸ ಹೋಗುತ್ತೆ. ಏನು ಹೂತ್ರಿ?”

ಪಿರಿಹಿರಾ ಹೇಳಿದಳು. ಈ ಸಲ ನಾಲಿಗೆ ಹಿಂಜರಿಯಲಿಲ್ಲ. ಯಾರ್‍ಯಾರದು ಇಲ್ಲಿದೆ ಎಂಬುದನ್ನೂ ಅಜ್ಜಿಯಿಂದ ಹಿಡಿದು ಹೇಳಿದಳು.

ಕ್ಯಾಲಮ್ ಕಿತ್ತು ಬಿದ್ದ ಕೋಸುಗಳನ್ನು ನೋಡಿದ. “ಶುಕ್ರವಾರ ಇವನ್ನ ನಮಗೇ ಹಂಚ್ತಾರೆ,” ಎಂದ ಮೆಲ್ಲಗೆ. “ಎರಡು ವರ್ಷದಿಂದ ತಿಂತಿದೀನಿ.”

ಮೆರೆಪೆಕಾ ಕಿವಿ ಕಿತ್ತು ಚೀಲಕ್ಕೆ ತುರುಕಿದಳು. ನಗಬಾರದೆಂದು ತುಟಿ ಕಚ್ಚಿಕೊಂಡಿದ್ದಳು.

“ತಿಂದಿದ್ದು ತಿಂದೆ. ನಿಂಗೆ ಗೊತ್ತಿರಲಿಲ್ಲ,” ಎಂದಳು ಪಿರಿಹಿರಾ. “ನಾಳೆ ತೋಟದವರು ಬಂದು ಇಲ್ಲಿ ಮತ್ತೆ ಗುದ್ದಲಿ ಹಾಕ್ತಾರಾ?”

“ಹಾಕ್ತಾರೆ. ಖಾಲಿ ಜಾಗ ಕಂಡ್ರೆ ಸಸಿ ನೆಡ್ತಾರೆ.”

“ಹೇಳು ಅವರಿಗೆ.”

“ನಾನು ಬರೀ ಗೈಡು ಮೇಡಂ. ನನ್ನ ಮಾತು ಯಾರು ಕೇಳ್ತಾರೆ? ಆದ್ರೂ ಮಾತು ಕೊಡ್ತೀನಿ, ನಾನು...”

“ಬೇಡ. ಈ ಗುಡ್ಡದ ಮೇಲೆ ಮಾತು ಕೊಟ್ಟೋರು ಬೇಕಾದಷ್ಟು ಜನ ಆಗಿದ್ದಾರೆ.” ಅಷ್ಟೆಲ್ಲ ಹೆಣಗಿ ಮಗುವನ್ನು ತನ್ನವರ ಜೊತೆ ಸೇರಿಸಿ, ಬೆಳಗಾದರೆ ಯಾರದೋ ಗುದ್ದಲಿಗೆ ಒಪ್ಪಿಸಿ ಹೋಗುವುದು. ಕುಂಡವೇ ವಾಸಿಯಿತ್ತೇನೋ.

ಕ್ಯಾಲಮ್ ತಲೆ ಕೆರೆದುಕೊಂಡ. ಅತ್ತಿತ್ತ ನೋಡಿದ. ಆಮೇಲೆ ರಾಜನ ಸೋದರತ್ತೆಯ ಮನೆಯ ಮಗ್ಗುಲಿಗೆ ಹೋಗಿ, ಅಲ್ಲಿ ಕೂತಿದ್ದ ಹಂಡೆಯಷ್ಟು ದೊಡ್ಡ ಬಂಡೆಯೊಂದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಬಂದ. ಹೊಸ ಮಣ್ಣಿನ ಮೇಲೆ ಕವುಚಿ ಇಟ್ಟ.

ಪಿರಿಹಿರಾ ಬಡಿದು ನೋಡಿದಳು. ಟೊಳ್ಳು.

“ಇದೂ ಸುಳ್ಳೇ.”

“ಹೌದು. ಅದಕ್ಕೇ ಯಾರೂ ಮುಟ್ಟಲ್ಲ,” ಎಂದ ಕ್ಯಾಲಮ್. “ತೋಟದವರು ನಿಜವಾದ್ದನ್ನ ಏನು ಬೇಕಾದ್ರೂ ಕಡೀಬಹುದು, ಕೀಳಬಹುದು. ಸಿನಿಮಾದ್ದಕ್ಕೆ ಬೆರಳು ತಾಗಿಸೋ ಹಾಗಿಲ್ಲ. ಒಂದು ಸಲ ಬಂಡೆ ಇಲ್ಲಿದೆ ಅಂದ್ರೆ ಇಲ್ಲೇ ಇತ್ತು ಅಂದ್ಕೋತಾರೆ.”

ಅದನ್ನು ಕೇಳಿ ಪಿರಿಹಿರಾಳಿಗೆ ನಗಬೇಕೋ ಅವನ ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ. ಬೇರೆ ದಾರಿಯೂ ಕಾಣಲಿಲ್ಲ. ಗಾಳಿಗೆ ಹಾರಿಹೋಗದಿರಲೆಂದು ಅಕ್ಕತಂಗಿಯರು ನಿಜವಾದ ಕಲ್ಲುಗಳನ್ನು ಆರಿಸಿ ತಂದು ಅದರ ಅಂಚಿಗೆ ಹೇರಿದರು, ಸುತ್ತ ಮಣ್ಣು ಒತ್ತಿದರು. ಬಾಟಲಿಯ ನೀರಿನಲ್ಲಿ ಕೈ ತೊಳೆದು ತಲೆಗೆ ಚಿಮುಕಿಸಿಕೊಂಡರು.

ಮುಂದಿನ ಬಸ್ಸಿನ ಜನ ಬರತೊಡಗಿದ್ದರು. ದಪ್ಪ ಹೊಟ್ಟೆಯ ಒಬ್ಬಾತ ತಗ್ಗಿದ ಬೇಲಿಯಾಚೆಯಿಂದ ಕಾಲು ಚಾಚಿ, ಬೂಟನ್ನು ಬಂಡೆಯ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟು ಹೆಂಡತಿಯ ಫೋನಿಗೆ ನಕ್ಕ. ಪಿರಿಹಿರಾ ಕೂಗಲು ಬಾಯಿ ತೆರೆದಳು.

“ಸರ್, ಕಾಲು ತೆಗೀರಿ,” ಎಂದ ಕ್ಯಾಲಮ್. “ಬಂಡೆ ಸಿನಿಮಾದ್ದು.”

ಆತ ಕೆಂಡ ತುಳಿದವನಂತೆ ಕಾಲು ಎಳೆದುಕೊಂಡ. ತಪ್ಪಾಯಿತು ಎಂದು ಬಂಡೆಯತ್ತಲೇ ನೋಡಿ ಹೇಳಿ, ತಲೆಯ ಮೇಲಿನ ಮೇಕೆಗಿವಿಗಳನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಂಡತಿಯೂ ಮಕ್ಕಳೂ ಅವನ ಪಕ್ಕದಲ್ಲಿ ಬಂದು ನಿಂತರು.