ಗೋಡೆಯ ಮೇಲಿನ ಹುಳ

ಗೋಡೆಯ ಮೇಲೆ ಎಮ್ಮೆಕರುವಿನಷ್ಟು ದೊಡ್ಡ ರೇಷ್ಮೆಹುಳ ಮೂಡಿದ್ದೇ ತಡ, ಏಳನೇ ತರಗತಿಯ ಮಕ್ಕಳೆಲ್ಲ "ಹೋ" ಎಂದು ನಕ್ಕರು. ಪಾಠ ಹೇಳಲು ನಿಂತಿದ್ದ ವೆಂಕಟಲಕ್ಷ್ಮಿ ಮಾತ್ರ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಅಂಕದ ಹಾಳೆ ಹಿಡಿದು ಗಂಗಯ್ಯ ಮೇಷ್ಟ್ರು ಕೂತಿದ್ದರು. ಬಿ.ಎಡ್. ಮುಗಿಸಲು ಅವಳಿಗೆ ಉಳಿದಿದ್ದದ್ದು ಇದೊಂದೇ ಪಾಠ ಪರೀಕ್ಷೆ.

"ಪ್ರೊಜೆಕ್ಟರ್ ಹಾಕಿದ್ರೆ ಮಕ್ಕಳು ಸಿನಿಮಾ ನೋಡ್ದಂಗೆ ನೋಡ್ತವೆ ಕಣಮ್ಮ, ಕಲಿಯಾಕಿಲ್ಲ" ಎಂದು ಅವರು ವಾರವೆಲ್ಲ ಹೇಳಿದ್ದರು. "ಬರಿಗಣ್ಣಿಗೆ ಕಾಣದ್ದು ಕಾಣ್ತದೆ ಸಾರ್" ಎಂದು ಇವಳದು ಹಟ.

"ಹಂಗಾದ್ರೆ ತೋರ್ಸು. ಪಾಠ ಅರ್ಧಕ್ಕೆ ನಿಂತ್ರೆ ಫೇಲು. ಆಮೇಲೆ ಅಳಬಾರ್ದು."

ಅವ್ವ ಸಿದ್ದಮ್ಮನನ್ನು ಒಪ್ಪಿಸುವುದು ಇನ್ನೂ ಕಷ್ಟವಾಗಿತ್ತು. ರೇಷ್ಮೆಹುಳ ಸಾಕುವ ಮನೆಯೊಳಕ್ಕೆ ಪಕ್ಕದ ಮನೆಯವರನ್ನೂ ಬಿಡದ ಹೆಂಗಸು ಅವಳು. ಬೆಳಿಗ್ಗೆ ಮಗಳು ಮೊಬೈಲಿನಲ್ಲಿ ವಿಡಿಯೊ ತೆಗೆಯುವಾಗ, "ಊರೋರ ಕಣ್ಣೆಲ್ಲ ನಮ್ಮ ಹುಳದ ಮ್ಯಾಲೆ ಬೀಳ್ಲಿ ಅಂತೀಯೇನೇ?" ಎಂದು ಗೊಣಗಿದ್ದಳು.

"ನಾಲ್ಕನೇ ಜ್ವರದಿಂದ ಎದ್ದ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳ ಸೊಪ್ಪು ಹೇಗೆ ತಿನ್ನುತ್ತೆ ನೋಡಿ" ಎನ್ನುತ್ತ ಗೋಡೆಗೆ ಕೋಲು ಮುಟ್ಟಿಸಿದ ವೆಂಕಟಲಕ್ಷ್ಮಿ ಅಲ್ಲೇ ನಿಂತುಬಿಟ್ಟಳು. ತಟ್ಟೆಯ ಅಂಚಿನಲ್ಲಿ ಒಂದು ಹುಳ ಸೊಪ್ಪು ಮುಟ್ಟದೆ ಸುಮ್ಮನೆ ಅಲೆಯುತ್ತಿತ್ತು. ಗೆಣ್ಣುಗೆಣ್ಣೂ ಊದಿ ಹಳದಿಯಾಗಿತ್ತು. ಅದರ ಹಿಂದೆ ಇನ್ನೊಂದು. ಹಾಲುತೊಂಡೆ ರೋಗ! ಹುಳ ಒಡೆದು ಒಳಗಿನ ಹಾಲಿನಂಥ ರಸ ಸೊಪ್ಪಿಗೆ ತಾಗಿದರೆ ಇಡೀ ಬೆಳೆ ಹೋದಂತೆ. ಮೊಬೈಲಿನ ಪುಟ್ಟ ಪರದೆಯಲ್ಲಿ ಬೆಳಿಗ್ಗೆ ಅದು ಕಂಡಿರಲಿಲ್ಲ. ಈಗ ಅವ್ವ ಸೊಪ್ಪು ಹಾಕುವ ಹೊತ್ತು.

ಲ್ಯಾಪ್‌ಟಾಪಿನಲ್ಲಿ ವಿಡಿಯೊ ನಿಲ್ಲಿಸಿದಳು. ಮನೆಮನೆಯಲ್ಲೂ ರೇಷ್ಮೆ ಬೆಳೆಯುವ ಕೈಲಾಂಚದ ಮಕ್ಕಳು, ಅವರಿಗೆ ಗೊತ್ತಾಗದಿರುತ್ತದೆಯೇ? ಗುಸುಗುಸು ಎದ್ದಿತು.

"ಯಾಕಮ್ಮ ನಿಂತೆ? ಟೈಮ್ ಹೋಯ್ತಾ ಐತೆ."

"ಒಂದು ಫೋನ್ ಮಾಡ್ಬೇಕು ಸಾರ್."

"ಪಾಠದ ಮಧ್ಯದಲ್ಲಾ?" ಗಂಗಯ್ಯ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಅವಳು ಬ್ಯಾಗಿನಿಂದ ಮೊಬೈಲ್ ತೆಗೆದು ಒತ್ತಿಯಾಗಿತ್ತು. "ಅವ್ವ, ಸೊಪ್ಪು ಹಾಕ್ಬೇಡ! ಬಾಗಿಲ ಕಡೆ ತಟ್ಟೇಲಿ ಹಾಲುತೊಂಡೆ ಐತೆ. ಆ ಹುಳ ಆರ್ಸಿ ಸುಣ್ಣದ ನೀರಿಗೆ ಹಾಕು."

ಸಿದ್ದಮ್ಮನ ದನಿಗೆ ಸ್ಪೀಕರು ಬೇಕಿರಲಿಲ್ಲ, ತರಗತಿಗೆಲ್ಲ ಕೇಳಿತು. "ಸ್ಕೂಲಲ್ಲಿ ನಿಂತ್ಕಂಡು ನಿಂಗೆಂಗೇ ಕಾಣ್ತದೆ? ನಾ ಹೇಳ್ಲಿಲ್ವಾ, ಕಣ್ಣು ಬಿತ್ತು!"

"ಆಮೇಲೆ ಬೈಯುವಂತೆ, ಮೊದ್ಲು ನೋಡವ್ವ."

ಬಾಗಿಲು ಕಿರುಗುಟ್ಟಿದ ಸದ್ದು. ಆಮೇಲೆ ದನಿ ಮೆಲ್ಲಗೆ ಬಂತು. "ಐತೆ ಕಣೇ... ಇಲ್ಲೂ ಒಂದೈತೆ. ಸದ್ಯ, ಯಾವ್ದೂ ಒಡ್ದಿಲ್ಲ."

ಮೊದಲ ಬೆಂಚಿನ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಎದ್ದು ಗೋಡೆಯ ಬಳಿ ಬಂದಳು. "ಮಿಸ್, ಒಡೀದಂಗೆ ಎಂಗೆ ಆರಿಸ್ಬೇಕು?"

ವೆಂಕಟಲಕ್ಷ್ಮಿ ಹಿಂದಿನ ಬೆಂಚಿನ ಕಡೆ ನೋಡಿದಳು. ಮೇಷ್ಟ್ರ ಪೆನ್ನು ಇನ್ನೂ ಏನೂ ಬರೆಯದೆ ಹಾಳೆಯ ಮೇಲೆ ಎತ್ತಿದಂತೆಯೇ ಇತ್ತು. ವಿಡಿಯೊ ಮತ್ತೆ ಓಡಿಸಿ, ಹೇಗೆ ಆರಿಸಬೇಕೆಂದು ತೋರಿಸಲು ಗೋಡೆಗೆ ಕೈಚಾಚಿದಳು. ಊದಿದ ಹುಳ ಅವಳ ಬೆರಳುಗಳನ್ನು ದಾಟಿ, ಮುಂಗೈ ಬಳೆಗಳ ಮೇಲೆ ನಿಧಾನಕ್ಕೆ ಹರಿಯತೊಡಗಿತು.