ಅರ್ಧ ತಟ್ಟೆ

ದರ್ಜಿಯ ಮನೆಯಲ್ಲಿ ಸೊಸೆಯ ತಟ್ಟೆಗೆ ಬಡಿಸುವುದು ಅತ್ತೆಯೇ. ಅತ್ತೆ ಕೆಟ್ಟವರಲ್ಲ, ಜಗಳಗಂಟಿಯೂ ಅಲ್ಲ. ಆದರೆ ಸೊಸೆ ಬಸುರಿ ಎಂದು ಗೊತ್ತಾದ ದಿನದಿಂದ ಅವರ ಕೈ ಬಿಗಿಯಾಗುತ್ತಿತ್ತು. ಹೊಟ್ಟೆ ತುಂಬ ತಿಂದರೆ ಕೂಸು ದಪ್ಪವಾಗುತ್ತದೆ, ದಪ್ಪ ಕೂಸು ತಾಯಿಯ ಜೀವ ತೆಗೆಯುತ್ತದೆ ಎಂಬುದು ಆ ಬೀದಿಯ ಹೆಂಗಸರೆಲ್ಲ ನಂಬಿಕೊಂಡು ಬಂದ ಮಾತು. ಅತ್ತೆಯ ಸ್ವಂತ ತಂಗಿ ಹೆರಿಗೆಯಲ್ಲೇ ತೀರಿಹೋಗಿದ್ದಳು. ಆ ಭಯಕ್ಕೆ ಬುದ್ಧಿ ಹೇಳುವವರು ಯಾರು?

ಮೊದಲ ಬಸುರಿನಲ್ಲಿ ಸೊಸೆ ತುಟಿಪಿಟಕ್ಕೆನ್ನದೆ ಅರೆಹೊಟ್ಟೆಯಲ್ಲಿ ಮಲಗಿದ್ದಳು. ಹೆರಿಗೆ ಹೂವೆತ್ತಿದಷ್ಟು ಸಲೀಸಾಯಿತು. "ನೋಡಿದ್ರಾ, ನನ್ನ ಮಾತು ಕೇಳಿದ್ದಕ್ಕೆ!" ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಬೊಗಸೆಯಷ್ಟಿದ್ದ ಕೂಸಿಗೆ ಗುಬ್ಬಿ ಎಂಬ ಹೆಸರು ಬಿತ್ತು.

ಗುಬ್ಬಿಗೆ ಈಗ ಆರು ವರ್ಷ. ನಡೆದದ್ದೂ ತಡ, ಮಾತಾಡಿದ್ದೂ ತಡ. ಡಬ್ಬಿಗಟ್ಟಲೆ ಗುಂಡಿಗಳಿರುವ ಮನೆಯ ಮಗುವಿಗೆ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದು. ಶಾಲೆಯಲ್ಲಿ ಅವಳನ್ನು ಅವಳಿಗಿಂತ ಚಿಕ್ಕವರ ಜೊತೆ ಕೂರಿಸಿದ್ದರು. "ಅವಳ ಹಣೆಬರಹ," ಎನ್ನುತ್ತಿದ್ದರು ಅತ್ತೆ.

ಸೊಸೆಗೆ ಈಗ ಮತ್ತೆ ಐದು ತಿಂಗಳು. ಅತ್ತೆ ಮತ್ತು ಗುಬ್ಬಿಯ ಜೊತೆ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಅವಳ ತೂಕ ನೋಡಿ ಮುಖ ಗಂಟಿಕ್ಕಿದರು. ಊಟದ ವಿಷಯ, ಮೊದಲ ಹೆರಿಗೆಯ ವಿಷಯ ಕೇಳಿದರು. ಪಕ್ಕದಲ್ಲಿ ಗುಂಡಿಯ ಜೊತೆ ಗುದ್ದಾಡುತ್ತಿದ್ದ ಗುಬ್ಬಿಯನ್ನೂ ನೋಡಿದರು.

"ಸಣ್ಣಗೆ ಹುಟ್ಟಿದ ಎಲ್ಲ ಮಕ್ಕಳಿಗೂ ಹೀಗಾಗಲ್ಲ ಅಮ್ಮಾ," ಎಂದರು ಅತ್ತೆಗೆ. "ಆದ್ರೆ ತಾಯಿ ಅರೆಹೊಟ್ಟೇಲಿದ್ರೆ ಮಗೂನ ಮೈ ಅಷ್ಟೇ ಅಲ್ಲ, ಮಿದುಳು ಬೆಳೆಯೋದಕ್ಕೂ ಪೆಟ್ಟು ಬೀಳಬಹುದು. ಆಮೇಲೆ ಎಷ್ಟು ತಿನ್ನಿಸಿದ್ರೂ ಪೂರ್ತಿ ಸರಿಹೋಗದೇ ಇರಬಹುದು."

"ಹೆರಿಗೆ ಕಷ್ಟ ಆದ್ರೆ?"

"ಅದನ್ನ ನೋಡ್ಕೊಳ್ಳೋಕೆ ನಾವಿದ್ದೀವಿ. ಊಟ ಹಾಕೋಕೆ ನೀವೇ ಬೇಕು."

"ನಾಲ್ಕು ಹೆತ್ತಿದ್ದೀನಿ. ಪುಸ್ತಕ ಓದಿ ಹೆತ್ತಿಲ್ಲ!" ಅತ್ತೆ ಸೆರಗು ಕೊಡವಿ ಎದ್ದರು.

ಮನೆಗೆ ಬಂದು ಎಲ್ಲರೂ ಊಟಕ್ಕೆ ಕೂತರು. ಅತ್ತೆ ಎಂದಿನಂತೆ ಸೊಸೆಯ ತಟ್ಟೆಗೆ ಅರ್ಧ ಸೌಟು ಅನ್ನ ಹಾಕಿ ಪಾತ್ರೆ ಮುಚ್ಚಿದರು.

"ಇನ್ನೂ ಹಾಕಿ, ಅತ್ತೆ."

ಸೊಸೆಯ ಗಂಡ ದರ್ಜಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಅಳತೆ ತಪ್ಪದ ಆ ಗಂಡಸಿಗೆ ಹೆಂಡತಿಯ ತಟ್ಟೆಯ ಅಳತೆ ಎಂದೂ ಕಂಡಿರಲಿಲ್ಲ.

"ನಿನ್ನ ಜೀವ ಉಳೀಲಿ ಅಂತ ಕಣೇ. ನನ್ನ ತಂಗಿ..."

"ಗೊತ್ತು. ಆ ಭಯಕ್ಕೆ ನನ್ನ ಮಗಳನ್ನ ಹೊಟ್ಟೇಲೇ ಉಪವಾಸ ಕೆಡವಿದ್ವಿ. ಇನ್ನೊಂದು ಮಗೂನ ಉಪವಾಸ ಕೆಡವೋಕೆ ನಾನು ಬಿಡಲ್ಲ."

ಸೊಸೆ ಮುಚ್ಚಳ ತೆಗೆದು ತಾನೇ ಬಡಿಸಿಕೊಂಡು ಉಣ್ಣತೊಡಗಿದಳು. ಆ ಮನೆಯಲ್ಲಿ ಬಸುರಿಯೊಬ್ಬಳು ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು.

ಗುಬ್ಬಿ ಅಮ್ಮನ ತಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ತೆರೆದ ಅಂಗಿಯಲ್ಲೇ ಅಜ್ಜಿಯ ಹತ್ತಿರ ಸರಿದಳು.

"ಅಜ್ಜಿ, ನಾನೂ... ಜಾಸ್ತಿ ತಿಂದ್ರೆ... ಗುಂಡಿ ಹಾಕೋಕೆ ಬರುತ್ತಾ?"

ಅತ್ತೆಗೆ ಹಣೆಬರಹ ಎನ್ನಲು ಈ ಸಲ ನಾಲಿಗೆ ಏಳಲಿಲ್ಲ. ಮೊಮ್ಮಗಳ ಗುಂಡಿಗಳನ್ನು ಒಂದೊಂದಾಗಿ ಹಾಕಿ ಮುಗಿಸಿ, ಅನ್ನದ ಪಾತ್ರೆಯನ್ನು ಸೊಸೆಯ ಕಡೆಗೆ ತಳ್ಳಿದರು.